ಅಂದ ಸರಿ, ಕಣ್ಣು ರಸ್ತೆಯ ಮೇಲಿರಲಿ

2025ರ ಜುಲೈನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಹೊಸ ಬಿಎಂಡಬ್ಲ್ಯು 2 ಸೀರೀಸ್ ಗ್ರ್ಯಾನ್ ಕೂಪೆಯ ಅಂದವನ್ನು ಅಲ್ಲಗಳೆಯಲಾಗದು. ಹಿಂದಕ್ಕೆ ಇಳಿಜಾರಾದ ಚಾವಣಿ, ಚೌಕಟ್ಟಿಲ್ಲದ ಬಾಗಿಲ ಗಾಜು ಚಿಕ್ಕ ಕಾರಿಗೂ ಗಾಂಭೀರ್ಯ ತಂದಿವೆ; ಹಿಂದಿನ ಆಸನದಲ್ಲಿ ಕೂರುವ ಎತ್ತರದ ಆಳು ಮಾತ್ರ ತಲೆ ತಗ್ಗಿಸಬೇಕು.

ನನ್ನ ತಕರಾರಿರುವುದು ಪರದೆಯ ಬಗ್ಗೆ. 2001ರಲ್ಲಿ ಇದೇ ಕಂಪನಿ ಐಡ್ರೈವ್ ಎಂಬ ತಿರುಗುಗುಂಡಿಯನ್ನು ತಂದಿತು. ರೂಢಿಯಾದ ಮೇಲೆ ಅದನ್ನು ಕೈಯಂದಾಜಿನಲ್ಲೇ ತಿರುಗಿಸಬಹುದಿತ್ತು. ಹೊಸ ಕಾರಿನಲ್ಲಿ ಅದಿಲ್ಲ. ಎ.ಸಿ. ಹೊಂದಿಸಲೂ ಪರದೆಯನ್ನು ಮುಟ್ಟಬೇಕು, ಇಲ್ಲವೇ ಬಾಯಿಮಾತಿನಲ್ಲಿ ಆಜ್ಞಾಪಿಸಬೇಕು.

ಕಬ್ಬಿನ ಹಂಗಾಮಿನ ರಾತ್ರಿಗಳಲ್ಲಿ ನಮ್ಮ ಹುನ್ನೂರಿನಿಂದ ಜಮಖಂಡಿಯತ್ತ ಹೊರಟವರಿಗೆ ಇದರ ಅಪಾಯ ಅರ್ಥವಾದೀತು. ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರೇಲರ್ ಕತ್ತಲಲ್ಲಿ ಯಾವಾಗ ಎದುರಾದೀತೋ ಹೇಳಲಾಗದು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು, ಚಾಲಕ ಎರಡು ಸೆಕೆಂಡು ಪರದೆ ನೋಡುವಷ್ಟರಲ್ಲಿ 33 ಮೀಟರ್ ಸಾಗಿರುತ್ತದೆ.

ಸೂಚಕ ದೀಪ, ವೈಪರ್, ಹಾರ್ನ್ ಮುಂತಾದವಕ್ಕೆ ಪ್ರತ್ಯೇಕ ಗುಂಡಿಗಳಿರಬೇಕೆಂಬುದಕ್ಕೆ ಯುರೋ ಎನ್‌ಕ್ಯಾಪ್ 2026ರ ಮಾನದಂಡದಲ್ಲಿ ಮಹತ್ವ ಕೊಟ್ಟಿದೆ. 2023ರಲ್ಲಿ ಆರಂಭವಾದ ನಮ್ಮ ಭಾರತ್ ಎನ್‌ಕ್ಯಾಪ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಎ.ಸಿ.ಯ ಗುಂಡಿಗೂ ಅಂಕ ನೀಡಲಿ. ಕಾರು ಕೊಳ್ಳುವವನು ಪರದೆಯ ಸೊಗಸಿಗೆ ಹಣ ತೆರುತ್ತಾನೆ. ಅವನ ಕಣ್ತಪ್ಪಿನ ಬೆಲೆಯನ್ನು ಟ್ರ್ಯಾಕ್ಟರಿನವನೂ ತೆರಬೇಕಾಗುತ್ತದೆ. ಇಂಥಲ್ಲಿ ಎಲ್ಲವನ್ನೂ ಮಾರುಕಟ್ಟೆಯ ಅಭಿರುಚಿಗೆ ಬಿಡುವುದು ವಿವೇಕವಲ್ಲ.