ಆನೆ ನಮ್ಮೂರಲ್ಲಿ, ಆನೆ ಪಾಠ ಎಲ್ಲಿ?

ಹಾಸನ: ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟಕ್ಕೆ ಹೋಗೋ ಮುಂಚೆ ಜನ ವಿಚಾರಿಸೋದು ಒಂದೇ: ಇವತ್ತು ಆನೆ ಎಲ್ಲಿದೆ? ಅದಕ್ಕೆ ಉತ್ತರ ಮೊಬೈಲ್‌ಗೇ ಬರುತ್ತೆ. ಆದ್ರೆ ಆನೆ ಯಾಕೆ ಬಂತು, ಮುಂದೆ ಏನು ಮಾಡುತ್ತೆ ಅನ್ನೋದಕ್ಕೆ ಓದು ಬೇಕು. ಪ್ರಾಣಿ ವರ್ತನೆಯ ಅಧ್ಯಯನ ಅಂದ್ರೆ ಇದೇ.

ಹಿಡಿದು ಸಾಗಿಸಿದ್ದಾಯ್ತು

2014ರ ಆಸುಪಾಸಿನಲ್ಲಿ ಆಲೂರು ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಸೆರೆ ಹಿಡಿಯಲಾಯಿತು. ಕೆಲವೇ ವರ್ಷಗಳಲ್ಲಿ ಮತ್ತೆ ಹಿಂಡುಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ಕಾಡಾನೆ ಜೊತೆ ಕಾದಾಡಿ, ದಸರಾ ಅಂಬಾರಿ ಹೊತ್ತಿದ್ದ ಅರ್ಜುನನೇ ಪ್ರಾಣ ಬಿಟ್ಟ.

ಹೆಣ್ಣಾನೆಗಳು ಹಿರಿಯಳ ಮುಂದಾಳತ್ವದಲ್ಲಿ ಹಿಂಡಾಗಿ ಓಡಾಡುತ್ತವೆ. ಗಂಡಾನೆ ಪ್ರಾಯಕ್ಕೆ ಬರುತ್ತಿದ್ದಂತೆ ಹಿಂಡು ಬಿಡುತ್ತೆ, ಬೆಳೆಗಾಗಿ ಹೆಚ್ಚು ಅಪಾಯ ಮೈಮೇಲೆ ಎಳೆದುಕೊಳ್ಳುತ್ತೆ. ಇದನ್ನು 1980ರ ದಶಕದಲ್ಲೇ ತೋರಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್. ಕಪೋಲದಿಂದ ಮದ ಸೋರುತ್ತಿರುವ ಒಂಟಿ ಸಲಗಕ್ಕೂ ಮರಿ ಜೊತೆಗಿರುವ ಹಿಂಡಿಗೂ ಒಂದೇ ಪಟಾಕಿ ಮದ್ದಲ್ಲ.

ಡಿಗ್ರಿಯಲ್ಲಿ ಜಾಗ ಎಲ್ಲಿ?

ನಮ್ಮ ಪದವಿ ಕಾಲೇಜುಗಳಲ್ಲಿ ಇದನ್ನೇ ಮೇಜರ್ ಆಗಿ ಓದೋ ಅವಕಾಶ ವಿರಳ. ಸಾಮಾನ್ಯವಾಗಿ ಪ್ರಾಣಿಶಾಸ್ತ್ರದೊಳಗಿನ ಒಂದು ಅಧ್ಯಾಯವಾಗಿ ಬಂದು ಹೋಗುತ್ತೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಪದ್ಧತಿ ಯಾವುದಾದ್ರೂ ಇರಲಿ, ಪ್ರಾಣಿಶಾಸ್ತ್ರದ ಜೊತೆ ಮನಃಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರ ಸಿಕ್ಕರೆ ಒಳ್ಳೆ ಬುನಾದಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸಿಂಗಳೀಕಗಳ ವರ್ತನೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮೇವಾ ಸಿಂಗ್ ಇದ್ದದ್ದು ಮನಃಶಾಸ್ತ್ರ ವಿಭಾಗದಲ್ಲೇ.

ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಿವೆ. ಪದವಿ ಆದವರಿಗೆ ಬೆಂಗಳೂರಿನ ಎನ್‌ಸಿಬಿಎಸ್, ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಎಂಎಸ್ಸಿ ಇದೆ. ಸೀಟು ಕಮ್ಮಿ, ಪೈಪೋಟಿ ಜಾಸ್ತಿ.

ಕೆಲಸ ಸಿಗುತ್ತಾ?

ಅಪ್ಪ-ಅಮ್ಮ ಕೇಳೋ ಈ ಪ್ರಶ್ನೆ ತಪ್ಪಲ್ಲ. ಸಂಶೋಧನಾ ಯೋಜನೆಗಳ ಕೆಲಸ ಹೆಚ್ಚಾಗಿ ತಾತ್ಕಾಲಿಕ, ಕಾಯಂ ಹುದ್ದೆ ಕಮ್ಮಿ. ಆದ್ದರಿಂದ ಇದೊಂದನ್ನೇ ನಂಬಿಕೊಳ್ಳೋದಕ್ಕಿಂತ ಬೇರೆ ವಿಷಯದ ಜೊತೆ ಮೈನರ್ ಆಗಿ ಓದೋದು ಜಾಣತನ.

ಹೊರಗಿನಿಂದ ಬರೋ ಸಂಶೋಧಕರಿಗೆ ಆನೆ ದಾರಿ ತೋರಿಸೋರು ತೋಟದ ಕಾರ್ಮಿಕರು, ಅರಣ್ಯ ವಾಚರ್‌ಗಳು. ಅವರ ಮಕ್ಕಳೇ ಹತ್ತಿರದ ಕಾಲೇಜಿನಲ್ಲಿ ಆರು ತಿಂಗಳ ಒಂದು ಸರ್ಟಿಫಿಕೇಟ್ ಕೋರ್ಸ್ ಓದುವಂತಾದರೆ? ಲ್ಯಾಬ್ ಕಟ್ಟಡ ಬೇಕಿಲ್ಲ. ನೋಟ್‌ಬುಕ್, ದುರ್ಬೀನು, ಕಲಿಸೋ ಒಬ್ಬ ಮೇಷ್ಟ್ರು, ಅರಣ್ಯ ಇಲಾಖೆಯ ಸಹಕಾರ ಸಾಕು. ಆನೆಗಳಂತೂ ಮನೆ ಬಾಗಿಲಲ್ಲೇ ಇವೆ.