ವಿದ್ಯುತ್ ಸಂಪರ್ಕವೂ ಒಂದು ಸರಕು: ಕ್ಯಾರವಾನ್ ತಂಗುದಾಣಗಳು ಗಮನಿಸಬೇಕಾದ ಮಾತು

ಪ್ರವಾಸೋದ್ಯಮವೆಂದರೆ ಹೋಟೆಲು, ಹೋಂಸ್ಟೇ ಹಾಗೂ ಟ್ಯಾಕ್ಸಿ ಎಂಬಷ್ಟಕ್ಕೇ ನಮ್ಮ ಉದ್ಯಮಿಗಳ ಲೆಕ್ಕಾಚಾರ ಸೀಮಿತವಾಗಿದ್ದ ಕಾಲ ಮುಗಿಯುತ್ತಿದೆ. ಮಲಗುವ ಕೋಣೆ, ಅಡುಗೆಮನೆ ಮತ್ತು ಶೌಚಾಲಯಗಳನ್ನು ತನ್ನೊಡನೆಯೇ ಹೊತ್ತು ಸಾಗುವ ಮೋಟಾರ್‌ಹೋಮ್ ಅಥವಾ ಕ್ಯಾರವಾನ್ ನಮ್ಮ ದೇಶದ ರಸ್ತೆಗಳಲ್ಲಿಯೂ ಕಾಣಿಸಿಕೊಂಡಿದೆ. ನೆರೆಯ ಕೇರಳವು 2021ರಲ್ಲಿ ‘ಕೇರವಾನ್ ಕೇರಳ’ ಯೋಜನೆಯನ್ನು ಪ್ರಕಟಿಸಿ, ವಾಹನಗಳಿಗಷ್ಟೇ ಅಲ್ಲದೆ ಅವು ತಂಗುವ ತಾಣಗಳಿಗೂ ಖಾಸಗಿ ಬಂಡವಾಳವನ್ನು ಆಹ್ವಾನಿಸಿತು. ಮಲೆನಾಡು ಹಾಗೂ ಕರಾವಳಿಯಲ್ಲಿ ಜಮೀನುಳ್ಳ ನಮ್ಮ ಉದ್ಯಮಿಗಳೂ ಇದರತ್ತ ಕಣ್ಣು ಹಾಯಿಸುವುದು ಸಹಜವೇ ಆಗಿದೆ.

ಆದರೆ ಇಂತಹ ತಾಣದ ಮಾಲೀಕನು ಮಾರುವುದು ಏನನ್ನು? ಹಾಸಿಗೆ, ಸೂರು, ಸ್ನಾನದ ಮನೆ ಇವೆಲ್ಲವೂ ಅತಿಥಿಯ ವಾಹನದಲ್ಲೇ ಇರುತ್ತವೆ. ಮಾಲೀಕನು ಕೊಡುವುದು ನಿಲ್ಲಲು ಜಾಗ, ನೀರು, ಕೊಳಚೆ ವಿಲೇವಾರಿ ಮತ್ತು ವಿದ್ಯುತ್ತು. ಇವುಗಳಲ್ಲಿ ದೋಷಪೂರಿತವಾಗಿದ್ದರೆ ಕ್ಷಣಾರ್ಧದಲ್ಲಿ ಪ್ರಾಣಹಾನಿ ಮಾಡಬಲ್ಲದ್ದು ವಿದ್ಯುತ್ತು ಮಾತ್ರ. ಆದ್ದರಿಂದ ಅದನ್ನು ಉಚಿತ ಸೌಕರ್ಯವೆಂದು ಭಾವಿಸದೆ, ಗುಣಮಟ್ಟಕ್ಕೆ ಹೊಣೆಹೊತ್ತು ಮಾರುವ ಸರಕೆಂದೇ ಪರಿಗಣಿಸಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಈ ಉದ್ಯಮವು ಬಹಳ ಹಿಂದೆಯೇ ಬೇರೂರಿರುವ ಅಮೆರಿಕದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿಯ ತಂಗುದಾಣಗಳಲ್ಲಿ ಪ್ರತಿ ನಿಲುಗಡೆಗೂ ಒಂದು ವಿದ್ಯುತ್ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ 120 ವೋಲ್ಟಿನ 30 ಆಂಪಿಯರ್ ಸಾಕೆಟ್ಟು, ದೊಡ್ಡ ವಾಹನಗಳಿಗೆ 50 ಆಂಪಿಯರ್ ಸಾಕೆಟ್ಟು ಇರುತ್ತವೆ. ಅಲ್ಲಿ ಪದೇ ಪದೇ ಕೇಳಿಬರುವ ಅವಘಡವೊಂದಿದೆ. ಮೋಟಾರ್‌ಹೋಮ್‌ಗಳ ಪರಿಚಯವಿಲ್ಲದ ಎಲೆಕ್ಟ್ರಿಷಿಯನ್ನನು ಈ 30 ಆಂಪಿಯರ್ ಸಾಕೆಟ್ಟನ್ನು ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟಿನ ಸಾಕೆಟ್ಟೆಂದು ಬಗೆದು ಜೋಡಿಸಿಬಿಡುತ್ತಾನೆ. ಪ್ಲಗ್ ಹಾಕಿದೊಡನೆ ವಾಹನದ ಉಪಕರಣಗಳು ಸುಟ್ಟುಹೋಗುತ್ತವೆ. ನಮ್ಮಲ್ಲಿ ಇದೇ ತಪ್ಪು ಸಂಭವಿಸದಿರಬಹುದು. ಆದರೆ ಮೂರು ಫೇಸ್ ಪೂರೈಕೆಯಿರುವ ತಾಣದಲ್ಲಿ ನ್ಯೂಟ್ರಲ್ ತಂತಿ ಕಳಚಿದರೆ ಕೆಲವು ವಾಹನಗಳಿಗೆ 230ಕ್ಕಿಂತ ಬಹಳ ಹೆಚ್ಚು, ಉಳಿದವಕ್ಕೆ ಬಹಳ ಕಡಿಮೆ ವೋಲ್ಟೇಜು ಹರಿದು ಅಷ್ಟೇ ನಷ್ಟವಾಗುತ್ತದೆ.

ಇದಕ್ಕಿಂತಲೂ ಘೋರವಾದುದು ಭೂಸಂಪರ್ಕದ, ಅಂದರೆ ಅರ್ಥಿಂಗಿನ, ಅಭಾವ. ಕ್ಯಾರವಾನ್ ರಬ್ಬರ್ ಟೈರುಗಳ ಮೇಲೆ ನಿಂತಿರುವುದರಿಂದ, ಕೇಬಲ್ಲಿನಲ್ಲಿರುವ ಒಂದೇ ಒಂದು ತಂತಿಯ ಹೊರತು ಅದಕ್ಕೆ ನಂಬಬಹುದಾದ ಬೇರೆ ಭೂಸಂಪರ್ಕವಿಲ್ಲ. ಆ ತಂತಿ ಪೆಟ್ಟಿಗೆಯಲ್ಲಿ ತುಂಡಾಗಿದ್ದು, ವಾಹನದೊಳಗೆ ಹೀಟರು ಸೋರಿಕೆ ಕೊಟ್ಟರೆ, ಇಡೀ ಲೋಹದ ಕವಚ ವಿದ್ಯುತ್ಪ್ರವಹಿಸುವ ವಸ್ತುವಾಗುತ್ತದೆ. ಒಳಗಿದ್ದವರಿಗೆ ಏನೂ ತಿಳಿಯುವುದಿಲ್ಲ. ಒದ್ದೆ ಹುಲ್ಲಿನ ಮೇಲೆ ನಿಂತು ಬಾಗಿಲ ಹಿಡಿಗೆ ಕೈ ಹಾಕಿದವರಿಗೆ ಆಘಾತ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ಮಲೆನಾಡಿನಲ್ಲಿ ಇದನ್ನು ಲಘುವಾಗಿ ಪರಿಗಣಿಸುವಂತಿಲ್ಲ.

ಪರೀಕ್ಷೆಯ ಕ್ರಮ ಕಷ್ಟವಲ್ಲ. ತರಬೇತಿ ಪಡೆದ ಸಿಬ್ಬಂದಿ, ಪ್ಲಗ್ ಹಾಕುವ ಮೊದಲೇ, ಮಲ್ಟಿಮೀಟರಿನಿಂದ ಮೂರು ಅಳತೆಗಳನ್ನು ತೆಗೆದುಕೊಂಡರೆ ಸಾಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿಗೆ ಸಮೀಪ. ಫೇಸ್ ಮತ್ತು ಅರ್ಥಿಂಗ್ ನಡುವೆಯೂ ಸುಮಾರು ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಕೆಲವೇ ವೋಲ್ಟು ಇರತಕ್ಕದ್ದು. ಮೊದಲನೆಯದು ಸರಿಯಿದ್ದು ಎರಡನೆಯದು ತೀರಾ ಕಡಿಮೆಯಿದ್ದರೆ ಅರ್ಥಿಂಗ್ ಇಲ್ಲವೆಂದು ಶಂಕಿಸಬೇಕು. ಮೂರನೆಯ ಅಳತೆಯೇ 230 ತೋರಿದರೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿವೆ. ಈ ಯಾವ ದೋಷ ಕಂಡರೂ ಪೆಟ್ಟಿಗೆಗೆ ಬೀಗ ಹಾಕಿ, ಪರವಾನಗಿ ಹೊಂದಿದ ಗುತ್ತಿಗೆದಾರರನ್ನು ಕರೆಯಬೇಕೇ ಹೊರತು ತೋಟದ ಆಳಿನಿಂದ ರಿಪೇರಿ ಮಾಡಿಸಬಾರದು.

ಭಾರ ಹೊತ್ತಾಗ ಮಾತ್ರ ಪ್ರಕಟವಾಗುವ ದೋಷಗಳೂ ಇವೆ. 16 ಆಂಪಿಯರ್ ಸಾಕೆಟ್ಟು 230 ವೋಲ್ಟಿನಲ್ಲಿ ಕೊಡಬಲ್ಲ ಗರಿಷ್ಠ ಶಕ್ತಿ 3,680 ವಾಟ್. ಅಮೆರಿಕದ 30 ಆಂಪಿಯರ್ ಸಂಪರ್ಕದ 3,600 ವಾಟಿಗೆ ಇದು ಹೆಚ್ಚುಕಡಿಮೆ ಸಮ. ಹವಾನಿಯಂತ್ರಕ ನಡೆಯುತ್ತಿರುವಾಗ 2,000 ವಾಟಿನ ಗೀಸರನ್ನೂ ಇಂಡಕ್ಷನ್ ಒಲೆಯನ್ನೂ ಹಾಕಿದರೆ ಎಂಸಿಬಿ ಬೀಳುವುದು ನ್ಯಾಯವೇ. ಅದು ದೋಷವಲ್ಲ, ರಕ್ಷಣೆ. ಬೀಳುವುದನ್ನು ತಪ್ಪಿಸಲು ದೊಡ್ಡ ಎಂಸಿಬಿ ಹಾಕುವುದು ಬೆಂಕಿಗೆ ಆಹ್ವಾನ. ಇನ್ನು ತಂತಿಯ ದಪ್ಪದ ವಿಚಾರ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು 50 ಮೀಟರ್ ಎಳೆದು 15 ಆಂಪಿಯರ್ ಹರಿಸಿದರೆ ಹೋಗಿ ಬರುವ ದಾರಿಯಲ್ಲೇ ಸುಮಾರು 11 ವೋಲ್ಟು ನಷ್ಟವಾಗುತ್ತದೆ. ಮೊದಲೇ ವೋಲ್ಟೇಜು ಕುಸಿದಿರುವ ಗ್ರಾಮೀಣ ಮಾರ್ಗದ ತುದಿಯಲ್ಲಿ ಹವಾನಿಯಂತ್ರಕದ ಕಂಪ್ರೆಸರು ಕೆಡಲು ಇದೂ ಕಾರಣವಾಗಬಲ್ಲದು. ಕಂದುಬಣ್ಣಕ್ಕೆ ತಿರುಗಿದ, ಮುಟ್ಟಿದರೆ ಬಿಸಿಯಾಗಿರುವ ಪ್ಲಗ್ಗು ಸಡಿಲ ಸಂಪರ್ಕದ ಗುರುತು. ಆ ಸಾಕೆಟ್ಟನ್ನು ಬದಲಿಸಲೇಬೇಕು.

ದೋಷ ಯಾರದೆಂಬ ವಿವಾದ ಹುಟ್ಟುವುದು ಆರ್‌ಸಿಸಿಬಿ ಬೀಳುವಾಗ. ಸೋರಿಕೆಯನ್ನು ಪತ್ತೆ ಹಚ್ಚುವ ಈ 30 ಮಿಲಿಆಂಪಿಯರ್ ಸಾಧನವು ಕೇಬಲ್ ಕಳಚಿದಾಗ ನಿಂತು, ಜೋಡಿಸಿದಾಗ ಬಿದ್ದರೆ ದೋಷವು ಕೇಬಲ್ಲಿನಲ್ಲಿ ಅಥವಾ ವಾಹನದಲ್ಲಿದೆ. ವಾಹನದ ಎಂಸಿಬಿಗಳನ್ನೆಲ್ಲ ಆಫ್ ಮಾಡಿದರೂ ಬೀಳುತ್ತಿದ್ದರೆ, ವಾಹನದೊಳಗೆ ನ್ಯೂಟ್ರಲ್ಲೂ ಅರ್ಥಿಂಗೂ ಕೂಡಿಕೊಂಡಿರುವ ಸಂಭವವುಂಟು. ಜನರೇಟರು ಅಥವಾ ಇನ್ವರ್ಟರು ಅಳವಡಿಸಿದ ವಾಹನಗಳಲ್ಲಿ ಇದನ್ನು ಮೊದಲು ನೋಡಬೇಕು. ಇನ್ನೊಂದು ಗೊಂದಲವೂ ಉಂಟು. ವಾಹನದ ದೀಪಗಳು 12 ವೋಲ್ಟಿನ ಬ್ಯಾಟರಿಯಿಂದ ಉರಿಯುವುದರಿಂದ, ಹೊರಗಿನ ಸಂಪರ್ಕ ಸತ್ತಿದ್ದರೂ ಅತಿಥಿಗೆ ಗೊತ್ತಾಗುವುದು ನಡುರಾತ್ರಿ ಬ್ಯಾಟರಿ ಬರಿದಾದ ಮೇಲೆ. ಸಂಜೆಯೇ ಚಾರ್ಜರು ಕೆಲಸ ಮಾಡುತ್ತಿದೆಯೇ ಎಂದು ಕೇಳಿಕೊಂಡರೆ ಮಾಲೀಕನ ನಿದ್ರೆಯೂ ಉಳಿದೀತು.

“ಅತಿಥಿಯೇ ರಕ್ಷಣಾ ಸಾಧನವನ್ನು ತಂದುಕೊಳ್ಳಲಿ, ಅಮೆರಿಕದಲ್ಲಿಯೂ ಹಾಗೆಯೇ ಅಲ್ಲವೇ?” ಎಂಬ ವಾದವೂ ಉಂಟು. ವೋಲ್ಟೇಜು 104ಕ್ಕಿಂತ ಕೆಳಗಿಳಿದರೆ ಅಥವಾ 132ನ್ನು ಮೀರಿದರೆ ಸಂಪರ್ಕ ಕಡಿಯುವ ಸಾಧನಗಳನ್ನು ಅಲ್ಲಿ ಅನೇಕರು ಜೊತೆಗೇ ಒಯ್ಯುತ್ತಾರೆಂಬುದು ನಿಜ. ಆದರೆ ಅಲ್ಲಿ ವಾಹನ ಬಹುಮಟ್ಟಿಗೆ ಪ್ರವಾಸಿಯ ಸ್ವಂತದ್ದು. ಅವನಿಗೆ ಅದರ ಒಳಹೊರಗು ತಿಳಿದಿರುತ್ತದೆ. ಎರಡು ದಿನಕ್ಕೆ ಬಾಡಿಗೆಗೆ ಪಡೆದು ಮಕ್ಕಳುಮರಿಗಳೊಡನೆ ಬಂದ ಕುಟುಂಬದಿಂದ ಅದನ್ನು ನಿರೀಕ್ಷಿಸುವುದು ವ್ಯಾಪಾರಧರ್ಮವಲ್ಲ. ಹಣ ಪಡೆದವನೇ ಸರಕಿಗೆ ಹೊಣೆ.

ಆದಕಾರಣ ಮೂರು ಸಲಹೆಗಳನ್ನು ಸದಸ್ಯರ ಮುಂದಿಡಬಹುದು. ಒಂದು, ಪ್ರತಿ ನಿಲುಗಡೆಗೂ ಪ್ರತ್ಯೇಕ ಎಂಸಿಬಿ ಮತ್ತು ಆರ್‌ಸಿಸಿಬಿ, ಮಳೆನೀರು ತಾಗದ ಪೆಟ್ಟಿಗೆ ಇರಲಿ. ಎರಡು, ಅತಿಥಿಯ ಸಮ್ಮುಖದಲ್ಲಿ ಮೂರು ಅಳತೆಗಳನ್ನು ತೆಗೆದು ದಾಖಲೆ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಮಾಡಲಿ. ಮುಂದೆ ಉಪಕರಣ ಸುಟ್ಟರೆ ವಾದಕ್ಕೆ ಅದೇ ಆಧಾರ. ಮೂರು, ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ಅರ್ಥಿಂಗಿನ ತಪಾಸಣೆ ನಡೆಯಲಿ, ಅದರ ಮಾದರಿ ನಮೂನೆಯನ್ನು ವಾಣಿಜ್ಯ ಸಂಸ್ಥೆಗಳೇ ಸಿದ್ಧಪಡಿಸಲಿ.

ತಕ್ಕಡಿಗೂ ತೂಕದ ಕಲ್ಲಿಗೂ ಸರ್ಕಾರಿ ಮುದ್ರೆ ಹಾಕಿಸದೆ ಅಂಗಡಿ ನಡೆಸುವುದು ತಪ್ಪೆಂದು ನಮ್ಮ ವರ್ತಕ ಸಮುದಾಯ ತಲೆಮಾರುಗಳಿಂದ ಒಪ್ಪಿಕೊಂಡಿದೆ. ತೂಕದಲ್ಲಿ ತಪ್ಪಿದರೆ ಗಿರಾಕಿಗೆ ಹಣದ ನಷ್ಟ; ಇಲ್ಲಿ ತಪ್ಪಿದರೆ ಜೀವದ ನಷ್ಟ. ಹೊಸ ಉದ್ಯಮವೊಂದು ಇನ್ನೂ ಕಣ್ಣು ಬಿಡುತ್ತಿರುವಾಗಲೇ ಈ ಶಿಸ್ತನ್ನು ಸ್ವಯಂಪ್ರೇರಣೆಯಿಂದ ಅಳವಡಿಸಿಕೊಳ್ಳುವುದು ಲೇಸು. ಅವಘಡ ನಡೆದ ಮೇಲೆ ಸರ್ಕಾರದ ಆದೇಶಕ್ಕೆ ಮಣಿದು ಮಾಡುವುದಕ್ಕಿಂತ ಅದು ಅಗ್ಗವೂ ಹೌದು, ಗೌರವವೂ ಹೌದು.