ಹೊಲಿಯೋಕೆ ಮೊದಲು ನೋಡಿ

ಮೊನ್ನೆ ಹಾಸಿಗೆ ಅಂಗಡಿಯಿಂದ ಫೋಮ್ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಿದ್ದೆ. ಆಟೋದವರು ಕೇಳಿದರು, “ಮೇಡಂ, ದಿಂಬು ಹೊಲೀತೀರಾ?” ಹೊಲಿಗೆ ಹೌದು, ದಿಂಬಲ್ಲ ಅಂದೆ.

ಹೆರಿಗೆ ಮಾಡಿಸುವ ನರ್ಸ್‌ಗಳಿಗೆ ನಾನು ಪಾಠ ಮಾಡುತ್ತೇನೆ. 2018ರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಮಾರ್ಗಸೂಚಿ ತಂದ ಮೇಲೆ ಇದಕ್ಕೇ 18 ತಿಂಗಳ ತರಬೇತಿ ಇದೆ. ಈ ವಾರದ ಪಾಠ, ಹೆರಿಗೆಯಲ್ಲಿ ಆಗುವ ಹರಿತ.

ಮಗುವಿನ ತಲೆ ಹೊರಬರುವಾಗ ಯೋನಿ ಮತ್ತು ಗುದದ್ವಾರದ ನಡುವಿನ ಜಾಗ ಹರಿಯೋದು ಸಾಮಾನ್ಯ. ಮೊದಲ ಹೆರಿಗೆಯಲ್ಲಂತೂ ಇನ್ನೂ ಹೆಚ್ಚು. ಇದರಲ್ಲಿ 4 ಡಿಗ್ರಿ. ಚರ್ಮ ಮಾತ್ರ ಹರಿದರೆ 1. ಅದರ ಕೆಳಗಿನ ಸ್ನಾಯುವೂ ಹರಿದರೆ 2. ಮಲವನ್ನು ಹಿಡಿದಿಡುವ ಉಂಗುರದಂಥ ಸ್ನಾಯುವಿಗೆ ತಗುಲಿದರೆ 3. ಗುದನಾಳದ ಒಳಪದರವೂ ಸೀಳಿದರೆ 4. ಮೊದಲೆರಡನ್ನು ತರಬೇತಿ ಪಡೆದ ಮಿಡ್‌ವೈಫ್ ಹೊಲಿಯಬಹುದು. ಉಳಿದೆರಡಕ್ಕೆ ಡಾಕ್ಟರೇ ಬೇಕು, ಆಪರೇಷನ್ ಥಿಯೇಟರ್ ಬೇಕು.

ಹುಡುಗಿಯರಿಗೆ ಸೂಜಿ ಹಿಡಿಯುವ ಆತುರ. ನಾನು ಕೊಡಲಿಲ್ಲ. “ಮೊದಲು ಲೈಟ್ ಸರಿ ಮಾಡ್ಕೊಳ್ಳಿ. ಏನು ಮಾಡ್ತೀರಿ ಅಂತ ತಾಯಿಗೆ ಹೇಳಿ, ಒಪ್ಪಿಗೆ ತಗೊಳ್ಳಿ. ನೋವಿಗೆ ಮದ್ದು ಕೊಟ್ಟು, ಅದು ಹಿಡಿಯೋವರೆಗೂ ಕಾಯಿರಿ. ಆಮೇಲೆ ಗುದದ್ವಾರದೊಳಗೆ ತೋರುಬೆರಳಿಟ್ಟು, ಮೇಲಿಂದ ಹೆಬ್ಬೆರಳಿಟ್ಟು, ಆ ಸ್ನಾಯು ಇಡಿಯಾಗಿದೆಯಾ ಅಂತ ಮುಟ್ಟಿ ನೋಡಿ.”

ಹಿಂದಿನ ಬೆಂಚಿಂದ ಒಬ್ಬಳು ಕೇಳಿದಳು, “ಮಿಸ್, ಅಷ್ಟು ಟೈಮ್ ಎಲ್ಲಿರುತ್ತೆ? ಪಕ್ಕದ ಟೇಬಲ್ಲಲ್ಲಿ ಇನ್ನೊಬ್ಬಳು ಕೂಗ್ತಿರ್ತಾಳೆ.”

ಸರಿಯಾದ ಪ್ರಶ್ನೆ. ಅವಳ ವಯಸ್ಸಲ್ಲಿ ನನಗೂ ಟೈಮ್ ಇರಲಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ಒಬ್ಬಳಿಗೆ ಹರಿತ ಚಿಕ್ಕದೇ ಕಂಡಿತು. ಬೆರಳಿಟ್ಟು ನೋಡದೆ ಹೊಲಿದೆ. ಹೊಲಿಗೆ ಚೆನ್ನಾಗಿಯೇ ಬಂದಿತ್ತು. ಒಂಬತ್ತನೇ ತಿಂಗಳ ಲಸಿಕೆಗೆ ಮಗು ಎತ್ತಿಕೊಂಡು ಬಂದವಳು ನನ್ನನ್ನು ಪಕ್ಕಕ್ಕೆ ಕರೆದಳು. “ಸಿಸ್ಟರ್, ಗ್ಯಾಸ್ ತಡೆಯೋಕಾಗಲ್ಲ. ಒಂದೊಂದ್ಸಲ ಬಟ್ಟೆನೂ ಕೆಡುತ್ತೆ. ಬಸ್ಸು ಹತ್ತೋದೇ ಬಿಟ್ಟಿದೀನಿ. ಗಂಡನಿಗೂ ಹೇಳಿಲ್ಲ.” ಚರ್ಮದಡಿಯ ಸ್ನಾಯು ಹರಿದಿದ್ದನ್ನು ನಾನು ನೋಡಿರಲಿಲ್ಲ. ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಆದರೆ ಆ ತಿಂಗಳುಗಳನ್ನು ವಾಪಸ್ ಕೊಡೋಕಾಗುತ್ತಾ?

ಕ್ಲಾಸಲ್ಲಿ ಇದನ್ನು ಹೇಳಿದ್ದು ಅದೇ ಮೊದಲು. ಯಾರೂ ಮಾತಾಡಲಿಲ್ಲ. ಆಮೇಲೆ ಫೋಮ್ ಹಂಚಿದೆ. ಹರಿತದ ತುದಿಗಿಂತ ಸ್ವಲ್ಪ ಮೇಲಿಂದಲೇ ಮೊದಲ ಹೊಲಿಗೆ, ಇಲ್ಲದಿದ್ದರೆ ಒಳಗೆ ಸರಿದ ರಕ್ತನಾಳ ಸೋರುತ್ತಲೇ ಇರುತ್ತದೆ. ತೀರಾ ಬಿಗಿಯಾಗಿ ಎಳೆಯಬೇಡಿ, ಬಾವು ಬರುತ್ತೆ. ಮುಗಿದ ಮೇಲೆ ಹತ್ತಿಬಟ್ಟೆ, ಸೂಜಿ ಎಣಿಸಿ. ದಾರ ಗುದನಾಳಕ್ಕೆ ದಾಟಿಲ್ಲ ಅಂತ ಮತ್ತೆ ಬೆರಳಿಟ್ಟು ಖಾತ್ರಿ ಮಾಡ್ಕೊಳ್ಳಿ. ಅನುಮಾನ ಬಂದರೆ ಹಿರಿಯರನ್ನು ಕರೆಯಿರಿ, ಬೈಸಿಕೊಂಡರೂ ಪರವಾಗಿಲ್ಲ.

ನಿಮಗೊಂದು ಮಾತು. ನಿಮ್ಮ ಹೆಂಡತಿಗೋ, ಅಕ್ಕನಿಗೋ, ನಿಮಗೇ ಹೆರಿಗೆಯಾದರೆ ಡಿಸ್ಚಾರ್ಜ್‌ಗೆ ಮುಂಚೆ ಕೇಳಿ: “ಹರಿದಿದೆಯಾ? ಎಷ್ಟನೇ ಡಿಗ್ರಿ? ಬೆರಳಿಟ್ಟು ನೋಡಿದ್ರಾ?” ತಿಂಗಳುಗಳಾದ ಮೇಲೂ ಗ್ಯಾಸ್ ಅಥವಾ ಮಲ ತಡೆಯೋಕೆ ಆಗ್ತಿಲ್ಲ ಅಂದರೆ “ಹೆತ್ತ ಮೇಲೆ ಹೀಗೇ” ಅಂತ ಸುಮ್ಮನಾಗಬೇಡಿ. ವ್ಯಾಯಾಮ, ಫಿಸಿಯೋಥೆರಪಿ ಇದೆ, ಬೇಕಾದರೆ ಆಪರೇಷನ್ನೂ ಇದೆ. ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಬೇಕು, ಅಷ್ಟೇ.